ಕಡೀ ಮನಿಯ ನೀರು

ನಮ್ಮೂರಿಗೆ ಬಂದ ಮೊದಲ ವಾರದಲ್ಲೇ ಅವರಿಗೆ ಸೊಕ್ಕಿನ ಮನುಷ್ಯ ಎಂಬ ಹೆಸರು ಬಿತ್ತು. ನೀರಿನ ಇಂಜಿನಿಯರ್ ಆಗಿ ವರ್ಗವಾಗಿ ಬಂದವರು. ಹಿಂದಿನಿಂದ ಯಾರಾದರೂ ‘ಸಾಹೇಬ್ರ’ ಎಂದು ಕರೆದರೆ ಕತ್ತು ತಿರುಗಿಸುತ್ತಿರಲಿಲ್ಲ. ನಿಲ್ಲುತ್ತಿದ್ದರು, ಕಾಲು ಎತ್ತಿಟ್ಟು ಇಡೀ ಮೈಯನ್ನೇ ತಿರುಗಿಸಿಕೊಂಡು ಎದುರಾಗುತ್ತಿದ್ದರು. ಅಷ್ಟು ಹೊತ್ತಿಗೆ ಕರೆದವನಿಗೆ ಅರ್ಧ ಸಿಟ್ಟು ಬಂದಿರುತ್ತಿತ್ತು. ಅವರ ಮೋಟರ್ ಸೈಕಲ್ಲಿಗೆ ಎರಡೂ ಬದಿಗೆ ಕಟಿಂಗ್ ಅಂಗಡಿಯ ಕನ್ನಡಿಯಷ್ಟು ದೊಡ್ಡ ಕನ್ನಡಿಗಳಿದ್ದವು. ಊರಿನ ಹುಡುಗರು ಅದಕ್ಕೂ ನಕ್ಕರು, ಸಾಹೇಬರಿಗೆ ತಮ್ಮ ಮುಖ ನೋಡಿಕೊಂಡಷ್ಟೂ ಸಾಲದು ಅಂದರು.

ಹೋದ ತಿಂಗಳು ಅವರು ತೀರಿಕೊಂಡರು. ನಮ್ಮ ಶಾಲೆಗೆ ಗುರುಮಠಕಲ್ ಕಡೆಯಿಂದ ಹೊಸದಾಗಿ ಬಂದಿರುವ ಮಾಸ್ತರರು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮಾತಿಗೆ ಮಾತು ಬಂದು ಹೇಳಿದರು. “ನಿಮ್ಮೂರಾಗ ಹಿಂದಕ ಒಬ್ಬರು ನೀರಿನ ಇಂಜಿನಿಯರ್ ಇದ್ರಂತಲ್ರಿ ಟೀಚರ್, ಕತ್ತು ತಿರುಗದವ್ರು. ನಮ್ಮ ಓಣ್ಯಾಗ ಇದ್ರು. ಮೊನ್ನಿ ಹ್ವಾದ್ರು.” ನನಗೆ ಅಳು ಬೇಗ ಬರುವುದಿಲ್ಲ, ಬಾಯಿ ಬೇಗ ಬರುತ್ತದೆ. ಇದು ನನ್ನ ಜೊತೆ ಕೆಲಸ ಮಾಡಿದ ಎಲ್ಲರಿಗೂ ಗೊತ್ತು. ಅವತ್ತು ಎರಡೂ ಬರಲಿಲ್ಲ. ಉಣ್ಣುತ್ತಿದ್ದ ಡಬ್ಬಿ ಮುಚ್ಚಿಟ್ಟೆ.

ಊರಿನ ಹೆಸರು ನಾನು ಹೇಳುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರ, ಈ ಮೂರರಲ್ಲಿ ಒಂದು ಅಂತ ತಿಳಿದುಕೊಂಡರೆ ಸಾಕು. ಮೂರೂ ಊರಿನವರು ಅದು ನಮ್ಮದಲ್ಲ ಅಂತ ಜಗಳಕ್ಕೆ ಬರಲಿ, ನನಗೇನು. ನೀರಿನ ಮಟ್ಟಿಗೆ ಮೂರೂ ಊರಿನ ಹಣೆಬರಹ ಒಂದೇ ಆಗಿತ್ತು. ನೆಲದೊಳಗಿಂದ ಬರುವುದೆಲ್ಲ ಸವಳು ನೀರು. ಸಾಬೂನು ಎಷ್ಟು ತಿಕ್ಕಿದರೂ ನೊರೆ ಬರುತ್ತಿರಲಿಲ್ಲ. ಹಂಡೆಯ ಒಳಗೆ ಸುಣ್ಣ ಬಳಿದ ಹಾಗೆ ಬಿಳಿ ಹೆಕ್ಕಳಿಕೆ ಕಟ್ಟುತ್ತಿತ್ತು. ತೊಗರಿ ಬೇಳೆಯಂತೂ ಊರೆಲ್ಲ ಬೆಳೆಯುತ್ತೇವೆ, ಅದೇ ಬೇಳೆ ನಮ್ಮ ನೀರಿನಲ್ಲಿ ಬೇಯಬೇಕಾದರೆ ಸೋಡಾ ಹಾಕಿ, ಒಲೆಯ ಮುಂದೆ ಕೂತು, ಅದಕ್ಕೆ ಕೈ ಮುಗಿಯಬೇಕು. ಬೇರೆ ಊರಿನಿಂದ ಬಂದ ಬ್ಯಾಂಕಿನ ಮಂದಿ ತಲೆಗೂದಲು ಉದುರುತ್ತದೆಂದು ವರ್ಗ ಮಾಡಿಸಿಕೊಂಡು ಹೋಗುತ್ತಿದ್ದರು. ನಾವು ಎಲ್ಲಿಗೆ ಹೋಗೋಣ, ನಮ್ಮದೇ ಊರು.

ಆಮೇಲೆ ಕಾಲುವೆ ಬಂತು. ಹೊಲಗಳಿಗೆ ಮೊದಲು ಬಂತು, ಊರಿಗೆ ತಡವಾಗಿ ಬಂತು, ನಮ್ಮ ಓಣಿಗೆ ಎಲ್ಲರಿಗಿಂತ ತಡವಾಗಿ ಬಂತು. ಊರ ಹೊರಗಿನ ಕೆರೆಗೆ ಕಾಲುವೆಯ ನೀರು ತುಂಬಿಸಿ, ಸೋಸಿ, ಟಾಕಿಗೆ ಏರಿಸಿ, ಅಲ್ಲಿಂದ ನಳಗಳಿಗೆ ಬಿಡುತ್ತಿದ್ದರು. ಮೇಲಿನ ಓಣಿಗಳ ಹಿತ್ತಲಲ್ಲಿ ಕಾಲುವೆ ನೀರು ಸುರಿಯತೊಡಗಿ ಎಷ್ಟೋ ವರ್ಷಗಳಾದ ಮೇಲೂ ನಾವು ಬೋರಿಂಗ್ ಎನ್ನುವ ಕೈಪಂಪು ಹೊಡೆಯುತ್ತಿದ್ದೆವು. ನಮ್ಮದು ಊರಿನ ತಗ್ಗಿನಲ್ಲಿ, ಕಟ್ಟಕಡೆಯ ಓಣಿ. ಕೂಲಿ ಮಾಡುವವರು, ತುಂಡು ಹೊಲದವರು, ನನ್ನ ಹಾಗೆ ಒಬ್ಬಿಬ್ಬರು ಮಾಸ್ತರಿಕೆಯವರು. ಹೆಚ್ಚಿನ ಮನೆಗಳಲ್ಲಿ ಗೋಡೆಗೆ ಬುದ್ಧನ ಪಟ. ದೊಡ್ಡ ಮಂದಿ ಓಟು ಕೇಳಲು ಬಂದಾಗ ನಮ್ಮ ಕಟ್ಟೆಯ ಮೇಲೆ ಕೂಡುತ್ತಿದ್ದರು, ಮಕ್ಕಳ ಗಲ್ಲ ಹಿಂಡುತ್ತಿದ್ದರು, ನೀರು ಮಾತ್ರ ಕೇಳುತ್ತಿರಲಿಲ್ಲ.

ಸಾಹೇಬರು ನೀರು ಕೇಳಿದರು. ಅದು ಅವರ ಪದ್ಧತಿಯಾಗಿತ್ತು. ಯಾವ ಓಣಿಗೆ ಹೋದರೂ ಮೊದಲ ಮನೆಗಳ ಮುಂದೆ ನಿಲ್ಲುತ್ತಿರಲಿಲ್ಲ. ಸೀದಾ ಕೊನೆಯ ಮನೆಗೆ ಹೋಗಿ, “ಯವ್ವಾ, ಒಂದು ಚರಗಿ ನೀರು ಕೊಡ್ರಿ” ಎನ್ನುತ್ತಿದ್ದರು. ಕುಡಿದು, ನಾಲಿಗೆಯನ್ನು ಹಲ್ಲಿನ ಮೇಲೆ ಒಮ್ಮೆ ಆಡಿಸಿ, ಆಮೇಲೆ ಮಾತು. ಅವರ ಜೊತೆಗೆ ತಿರುಗುತ್ತಿದ್ದ ನೀರು ಬಿಡುವವನು ಒಮ್ಮೆ ಕೇಳಿದನಂತೆ, ಕಡೀ ಮನಿಗೆ ಯಾಕ ಹೋಗ್ತೀರಿ ಅಂತ. “ಮೊದಲನೇ ಮನ್ಯಾಗ ನೀರು ಯಾವಾಗ್ಲೂ ಬರ್ತಾವೋ. ಅಲ್ಲಿ ಕೇಳಿದ್ರ ನನಗ ಬರೇ ಶಾಬಾಸ್ಕಿ ಸಿಗ್ತದ” ಅಂದರಂತೆ. ಅವರದು ಯಾವ ಜಾತಿ ಎಂದು ತಿಳಿಯಲು ನಮ್ಮವ್ವ ಬಹಳ ಪರದಾಡಿದಳು. ಊರು ಕೇಳಿದಳು, ಮನೆದೇವರು ಕೇಳಿದಳು. ಊರು ಹೇಳಿದರು, ದೇವರ ಪ್ರಶ್ನೆಗೆ ಮತ್ತೊಂದು ಚರಗಿ ನೀರು ಕೇಳಿದರು. ನನಗೆ ಇವತ್ತಿಗೂ ಗೊತ್ತಿಲ್ಲ, ಬೇಕಾಗಿಯೂ ಇಲ್ಲ.

ಅವರು ದೇವರಂಥ ಮನುಷ್ಯ ಅಂತ ನಾನೇನೂ ಬರೆಯುವುದಿಲ್ಲ. ಸಿಡುಕರು. ಪೈಪು ಹೂಳುವ ಗುತ್ತಿಗೆದಾರರಿಗೆ ಅವರು ಬೈಯುವುದನ್ನು ಕೇಳಿದರೆ ಹೆಣ್ಣುಮಕ್ಕಳು ಒಳಗೆ ಹೋಗಬೇಕು. ಚಹಾದ ವಿಷಯದಲ್ಲಿ ಮಹಾ ತಕರಾರು. ಚಹಾ ತಣ್ಣಗಾಗಲು ಬಿಟ್ಟು, ಮೇಲೆ ಕೆನೆಯಂಥ ಪರೆ ಕಟ್ಟುತ್ತದೋ ಇಲ್ಲವೋ ನೋಡಿ, ಕಟ್ಟಿದರೆ ಹೋಟೆಲಿನವನಿಗೆ “ನೀ ನಳದ ನೀರು ಹಾಕಿಲ್ಲಲೇ, ಬೋರಿನ ನೀರು ಹಾಕೀದಿ” ಎಂದು ದಬಾಯಿಸುತ್ತಿದ್ದರು. ಹೋಟೆಲಿನವನು ಹಾಲು ಅಂತ ವಾದಿಸುತ್ತಿದ್ದ. ಇಬ್ಬರೂ ಸೋಲುತ್ತಿರಲಿಲ್ಲ, ಮರುದಿನ ಮತ್ತೆ ಅದೇ ಅಂಗಡಿ, ಅದೇ ಜಗಳ.

ಆದರೆ ತಪ್ಪಾದರೆ ತಪ್ಪು ಅನ್ನುವ ಗುಣ ನಾನು ಯಾವ ಅಧಿಕಾರಿಯಲ್ಲೂ ಅವರಷ್ಟು ಕಂಡಿಲ್ಲ. ಒಂದು ಮಳೆಗಾಲ ನಳದಲ್ಲಿ ಕೆಂಪು ನೀರು ಬಂತು. ಮೇಲಿನ ಓಣಿಯ ಅಂಗಡಿ ಸಾಹುಕಾರರೊಬ್ಬರು ಬಾಟಲಿ ತುಂಬಿಸಿಕೊಂಡು, ನಾಲ್ಕು ಜನರನ್ನು ಕರೆದುಕೊಂಡು, ಅವರ ಟೇಬಲ್ಲಿನ ಮೇಲೆ ಕುಕ್ಕಿದರು. ನಾನು ಅಲ್ಲೇ ಇದ್ದೆ, ಶಾಲೆಯ ನಳದ ಅರ್ಜಿ ಹಿಡಿದುಕೊಂಡು. ಜಗಳ ನೋಡಲು ಸಿಗುತ್ತದೆಂದು ಬೆಂಚಿನ ಮೇಲೆ ಸರಿಯಾಗಿ ಕೂತೆ. ಸಾಹೇಬರು ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. “ಇದು ಹೊಲಸು ಅದ್ರಿ. ತಪ್ಪು ನಮ್ದು. ಇವತ್ತ ಮನ್ಯಾಗ ಕಾಸಿ ಕುಡೀರಿ, ಮಕ್ಕಳಿಗಿ ಹಂಗ ಕೊಡಬ್ಯಾಡ್ರಿ” ಅಂದರು. ಬಂದವರಿಗೆ ಬೈಯಲು ಏನೂ ಉಳಿಯಲಿಲ್ಲ. ಸಾಹೇಬರು ಎದ್ದು ನೀರು ಸೋಸುವ ಕಟ್ಟೆಗೆ ಹೋದವರು ಅಲ್ಲಿನ ಮರಳು ಪೂರ್ತಿ ತೊಳೆಸುವ ತನಕ ಮನೆಗೆ ಹೋಗಲಿಲ್ಲವಂತೆ.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ, ಅದಕ್ಕೇ ಇದನ್ನೆಲ್ಲ ಬರೆಯಲು ಕೂತದ್ದು.

ನಮ್ಮಕ್ಕನನ್ನು ಹುಣಸಗಿ ಹತ್ತಿರದ ಹಳ್ಳಿಗೆ ಕೊಟ್ಟಿದ್ದೆವು. ಅಲ್ಲಿ ಕಾಲುವೆಯ ನೀರು ಹೊಲದ ಬಾಯಿಗೇ ಬರುತ್ತದೆ, ಭತ್ತದ ಗದ್ದೆ, ಗಂಡಹೆಂಡತಿ ಇಬ್ಬರಿಗೂ ಕೈತುಂಬ ಕೆಲಸ. ಅದಕ್ಕೆ ಮೊದಲ ಮಗ ಹುಟ್ಟಿದಾಗ ಅವ್ವ ಅವನನ್ನು ತಾನೇ ಇಟ್ಟುಕೊಂಡಳು. “ನಿಮ್ಮ ಗದ್ದಿ ನೀವು ನೋಡ್ರಿ, ನನ್ನ ಮೊಮ್ಮಗನ್ನ ನಾ ನೋಡ್ತೀನಿ” ಅಂದಳು. ಹುಡುಗ ನಮ್ಮ ಮನೆಯಲ್ಲೇ ಹಾಲು ಬಿಟ್ಟ, ನಮ್ಮ ಮನೆಯಲ್ಲೇ ಅನ್ನ ಕಲಿತ. ನಡೆಯಲು ಕಲಿತು ಸ್ವಲ್ಪ ಬೆಳೆದ ಮೇಲೆ ಅವನ ಕಾಲುಗಳು ಹೊರಗೆ ಬಾಗತೊಡಗಿದವು. ಓಣಿಯವರು ಒಬ್ಬೊಬ್ಬರು ಒಂದೊಂದು ಹೇಳಿದರು. ಬಗಲಲ್ಲಿ ಬಹಳ ಎತ್ತಿಕೊಂಡಿರಿ, ಬೇಗ ನಿಲ್ಲಿಸಿದಿರಿ, ಯಾರದೋ ಕಣ್ಣು ಬಿತ್ತು. ಅವ್ವ ಎಣ್ಣೆ ತಿಕ್ಕಿದಳು, ಕಾಲಿಗೆ ಬಟ್ಟೆ ಸುತ್ತಿದಳು, ತಿಂಥಣಿಗೆ ಹೋಗಿ ಮೌನೇಶನಿಗೆ ಹರಕೆ ಹೊತ್ತು ಬಂದಳು. ಓಣಿಯಲ್ಲಿ ಇನ್ನೂ ಕೆಲವು ಮಕ್ಕಳ ಕಾಲು ಹಾಗೇ ಇದ್ದವು, ಎಲ್ಲರ ಹಲ್ಲೂ ಕಂದು ಕಲೆಯವು. ಎಲ್ಲರದೂ ಹಾಗಿದ್ದರೆ ಅದು ರೋಗ ಅಂತ ಯಾರಿಗೆ ಅನ್ನಿಸುತ್ತದೆ.

ಕಾಲುವೆ ನೀರಿನ ಪೈಪು ನಮ್ಮ ಓಣಿಗೆ ಬಂದದ್ದು ಸಾಹೇಬರ ಹಟದಿಂದ. ಟಾಕಿಯ ನೀರು ಮೇಲಿನ ಓಣಿಗಳಲ್ಲೇ ಮುಗಿದುಹೋಗುತ್ತದೆ, ಅಲ್ಲಿ ತನಕ ಪೈಪು ಹಾಕುವುದು ದಂಡ ಎಂದು ಎಲ್ಲರೂ ಹೇಳಿದರು. ಅವರು ಬೇರೆಯದೇ ಪೈಪು ಎಳೆಸಿ, ನಮಗೆಂದೇ ನೀರು ತಿರುಗಿಸುವ ಒಂದು ವಾಲು ಕೂಡಿಸಿದರು. ಬೇಸಿಗೆಯ ಬಿಸಿಲಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಅಗೆಯುವವರ ಜೊತೆ ನಿಲ್ಲುತ್ತಿದ್ದರು. ನಳದಲ್ಲಿ ನೀರು ಬಂದ ದಿನ ಓಣಿಯೆಲ್ಲ ನಳದ ಸುತ್ತ ನಿಂತು ನೋಡಿತು.

ಕೆಲವು ದಿನ ಬಿಟ್ಟು ಅವರು ತಮ್ಮ ಪದ್ಧತಿಯಂತೆ ಕೊನೆಯ ಮನೆಗೆ ಬಂದರು. ಕೊನೆಯ ಮನೆ ಅಂದರೆ ನಮ್ಮದೇ. ನೀರು ಕೇಳಿದರು. ಅವ್ವ ಹಿತ್ತಾಳೆಯ ಚರಗಿ ಬೆಳಗಿ, ತುಂಬಿಸಿ, ಸೆರಗಿನಲ್ಲಿ ಒರೆಸಿ ಕೊಟ್ಟಳು. ಅವರು ಒಂದು ಗುಟುಕು ಕುಡಿದವರು ನಿಲ್ಲಿಸಿದರು.

“ಯವ್ವಾ, ಇವು ಎಲ್ಲಿ ನೀರು?”

“ಬೋರಿಂಗ್ ನೀರ್ರಿ ಯಪ್ಪಾ. ನಿಮಗಂತ ಈಗ ಹೊಡಕೊಂಡು ಬಂದೀನಿ.”

“ಮತ್ತ ನಳದ ನೀರು?”

“ಅವು ಸಪ್ಪ ಅದಾವ್ರಿ. ಬಾಯಾಗ ಹಾಕಿದ್ರ ಏನೂ ಹತ್ತೂದಿಲ್ಲ. ಆದ್ರ ಬಟ್ಟಿಗಿ ಭಾಳ ಚೊಲೊ ಅದಾವ್ರಿ, ಸಾಬಾಣ ಮುಟ್ಟಿಸಿದ್ರ ಸಾಕು, ಬುರುಗು ಬರ್ತದ. ನಮ್ಮ ಓಣ್ಯಾಗ ಎಲ್ಲಾರೂ ಅವನ್ನ ಒಗ್ಯಾಕ ಹಚ್ಚೀವಿ. ಕುಡ್ಯಾಕ ಹಳೀ ನೀರೇ ಅದಾವ.”

ಸಾಹೇಬರು ಕಟ್ಟೆಯ ಮೇಲೆ ಕೂತುಬಿಟ್ಟರು. ಓಣಿಯ ಉದ್ದಕ್ಕೂ ಹಗ್ಗದ ಮೇಲೆ ಒಣಗಲು ಹಾಕಿದ ಬಟ್ಟೆಗಳನ್ನು ನೋಡಿದರು. ನಿಜಕ್ಕೂ ಅಷ್ಟು ಬೆಳ್ಳಗಿನ ಬಟ್ಟೆ ನಮ್ಮ ಓಣಿ ಅಲ್ಲಿಯ ತನಕ ಕಂಡಿರಲಿಲ್ಲ. ನಗತೊಡಗಿದರು. ಕತ್ತು ಅಲುಗದೆ, ಬರೀ ಹೊಟ್ಟೆ ಅಲುಗಿಸಿ ನಗುವ ಆ ನಗೆ ನೋಡಿ ಅವ್ವನಿಗೂ ನಗು ಬಂತು, ಯಾಕೆಂದು ಅವಳಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಅಕ್ಕನ ಮಗ ಆಟ ಬಿಟ್ಟು ಕಟ್ಟೆಯ ಹತ್ತಿರ ಬಂದ. ಅವನ ನಡಿಗೆ ನೋಡಿ ಸಾಹೇಬರ ನಗು ನಿಂತಿತು.

ಅವನನ್ನು ಎದುರಿಗೆ ನಿಲ್ಲಿಸಿಕೊಂಡು ಮೊಣಕಾಲು ಮುಟ್ಟಿದರು, ಹಲ್ಲು ತೋರಿಸು ಅಂದರು. ಆಮೇಲೆ ಅವ್ವನಿಗೆ ನಿಧಾನವಾಗಿ ಹೇಳಿದರು. ಇದು ಕಣ್ಣು ಬಿದ್ದದ್ದಲ್ಲ, ಎತ್ತಿಕೊಂಡದ್ದಕ್ಕೂ ಅಲ್ಲ, ಬೋರಿಂಗಿನ ನೀರಿನಿಂದ ಆದದ್ದು. ಸವಳಿನ ಜೊತೆ ಅದರಲ್ಲಿ ಫ್ಲೋರೈಡ್ ಅಂತ ಇನ್ನೊಂದು ಇದೆ. “ಸವಳು ನಾಲಿಗಿಗಿ ಗೊತ್ತಾಗ್ತದ ಯವ್ವಾ. ಇದು ನಾಲಿಗಿಗಿ ಗೊತ್ತಾಗೂದಿಲ್ಲ, ಎಲುಬಿಗಿ ಗೊತ್ತಾಗ್ತದ” ಅಂದರು.

ಅವ್ವ ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ, ಒಪ್ಪಿದರೆ ಅದನ್ನು ಕುಡಿಸಿದ ಕೈ ಯಾರದು. “ನಮ್ಮ ಅತ್ತಿ ಇವೇ ನೀರು ಕುಡದು ಮುದುಕಿ ಆಗಿ ಹ್ವಾದಳ್ರಿ” ಎಂದು ದನಿ ಎತ್ತಿದಳು.

“ನನ್ನ ಹಿಂದ ನಿಂತು ಕರೀರಿ” ಅಂದರು ಸಾಹೇಬರು. ಅವ್ವ ಹಿಂದೆ ಹೋಗಿ ನಿಂತು “ಯಪ್ಪಾ” ಎಂದು ಕರೆದಳು. ಅವರು ಕತ್ತು ತಿರುಗಿಸಲು ನೋಡಿದರು. ಕುತ್ತಿಗೆಯ ನರ ಬಿಗಿಯಿತು, ಮುಖ ಕೆಂಪಾಯಿತು, ತಲೆ ಅಲ್ಲೇ ಇತ್ತು. “ನಮ್ಮ ಹಳ್ಯಾಗೂ ಹಿಂಥಾದ್ದೇ ನೀರಿದ್ವು. ಸಣ್ಣಂವಿದ್ದಾಗಿಂದ ಕುಡದೀನಿ. ಮಂದಿ ನನಗ ಸೊಕ್ಕು ಅಂತಾರ. ಅನ್ಲಿ. ಇವನಿಗೆ ಏನಂತಾರ ಯವ್ವಾ?”

ನಾನು ಬಾಗಿಲಲ್ಲಿ ನಿಂತಿದ್ದೆ. ಅವ್ವ ಮೊಮ್ಮಗನನ್ನು ಎಳೆದು ಮಡಿಲಲ್ಲಿ ಹಾಕಿಕೊಂಡು, ಅವನ ಎರಡೂ ಮೊಣಕಾಲಿನ ಮೇಲೆ ಅಂಗೈ ಇಟ್ಟುಕೊಂಡು ಕೂತಳು. ಅತ್ತಳು. ಅವ್ವ ಹಾಗೆ ಅತ್ತದ್ದನ್ನು ನಾನು ಅಪ್ಪ ಸತ್ತಾಗಲೂ ನೋಡಿರಲಿಲ್ಲ. ಸಾಹೇಬರು ಸಮಾಧಾನದ ಮಾತು ಆಡಲಿಲ್ಲ, ಎದ್ದೂ ಹೋಗಲಿಲ್ಲ. ಅವಳ ಅಳು ನಿಲ್ಲುವ ತನಕ ಕೂತಿದ್ದು, ಆಮೇಲೆ “ಇವತ್ತ ಬ್ಯಾಳಿ ನಳದ ನೀರಾಗ ಇಡ್ರಿ” ಅಂತ ಮಾತ್ರ ಹೇಳಿ ಹೋದರು.

ಅವ್ವ ಇಟ್ಟಳು. ಯಾವಾಗಿನ ಹಾಗೆ ಸೋಡಾ ಹಾಕಿ, ಒಲೆಗೆ ಕಟ್ಟಿಗೆ ತುಂಬಿ, ಬೇಳೆ ಬೇಯುವುದರೊಳಗೆ ಅಂಗಳ ಸಾರಿಸಿ, ಎರಡು ಮನೆ ಮಾತಾಡಿಸಿ ಬರುತ್ತೇನೆಂದು ಹೋದಳು. ಬಂದು ನೋಡಿದರೆ ಬೇಳೆ ಕರಗಿ, ತಳ ಹಿಡಿದು, ಹೊಗೆ ಏಳುತ್ತಿತ್ತು. ಆ ವಾರವೆಲ್ಲ ನಮ್ಮ ಓಣಿಯಲ್ಲಿ ಹೊತ್ತಿದ ಬೇಳೆಯ ವಾಸನೆ. ಒಬ್ಬಳು ಕಲಿತದ್ದನ್ನು ನೋಡಿ ಇನ್ನೊಬ್ಬಳು ಕಲಿಯುವ ಜಾತಿ ಅಲ್ಲ ನಮ್ಮದು, ಪ್ರತಿ ಮನೆಯವಳೂ ತನ್ನ ಪಾತ್ರೆ ತಾನೇ ಸುಟ್ಟುಕೊಂಡಳು. ಅದಾದ ಮೇಲೆ ಬೋರಿಂಗ್ ಬಟ್ಟೆಗೆ, ನಳ ಬಾಯಿಗೆ ಆಯಿತು. ಸಾಹೇಬರು ಆ ಎರಡು ನೀರಿಗೆ ಹೆಸರಿಟ್ಟರು. ಬೋರಿನದು ಅತ್ತೆ, ಕಾಲುವೆಯದು ಸೊಸೆ. ಓಣಿಯ ಹೆಂಗಸರು ಆ ಮಾತನ್ನು ಎತ್ತಿಕೊಂಡರು. ನಳದ ಹತ್ತಿರ “ಅತ್ತಿ ಬಂದಾಳೇನ, ಸೊಸಿ ಬಂದಾಳೇನ” ಎಂದು ಕೂಗಿ ಕೇಳುವುದು, ಅತ್ತೆಯಂದಿರು ಒಳಗಿನಿಂದ ಬೈಯುವುದು ದಿನದ ಮಾತಾಯಿತು.

ಮರುವರ್ಷ ಅಕ್ಕನಿಗೆ ಎರಡನೆಯದು ನಿಂತಿತು. ಯುಗಾದಿಯ ಆಸುಪಾಸು ಹೆರಿಗೆ. ಬಾಣಂತನ ತವರಿನಲ್ಲೇ ಆಗಬೇಕು, ಅದು ಕೇಳಿ ಮಾಡುವ ಮಾತಲ್ಲ. ಅವ್ವ ಕುಪ್ಪಸದ ಖಣ, ಹಣ್ಣು ತೆಗೆದುಕೊಂಡು ಮಗಳನ್ನು ಕರೆಯಲು ಹೋದಳು. ನೀರಿನ ಸುದ್ದಿ ಅಷ್ಟು ಹೊತ್ತಿಗೆ ಬೀಗತಿಗೂ ಮುಟ್ಟಿತ್ತು. ಆಕೆ ಹೊಸ್ತಿಲಲ್ಲೇ ಹೇಳಿದಳು. “ನಿಮ್ಮ ನೀರು ಕುಡದು ಒಬ್ಬ ಮೊಮ್ಮಗ ಹಂಗಾದ. ಎರಡನೇದ್ದನ್ನೂ ನಿಮ್ಮ ಕೈಯಾಗ ಕೊಡಬೇಕೇನು? ಬ್ಯಾಸಗ್ಯಾಗ ಕಾಲುವಿ ಬಂದ್ ಆದ ಮ್ಯಾಲ ಏನ ಕುಡಿಸ್ತೀರಿ ನನ್ನ ಸೊಸಿಗಿ?” ಬೀಗತಿ ಹೇಳಿದ್ದು ಸುಳ್ಳಾಗಿರಲಿಲ್ಲ. ಪ್ರತಿ ಬೇಸಿಗೆಗೆ ರಿಪೇರಿಗೆಂದು ಕಾಲುವೆ ಬಂದ್ ಮಾಡುತ್ತಾರೆ. ಆಗ ಕೆರೆಯಲ್ಲಿ ಉಳಿದ ಕಾಲುವೆ ನೀರು ಮೇಲಿನ ಓಣಿಗಳಿಗೆ, ತಗ್ಗಿನ ಓಣಿಗಳ ನಳಕ್ಕೆ ಬೋರಿನ ನೀರು. ಅದು ಮೊದಲಿನಿಂದ ನಡೆದುಬಂದ ಪದ್ಧತಿ. ಅವ್ವ ಚಹಾ ಕೂಡ ಕುಡಿಯದೆ ಅದೇ ಬಸ್ಸಿಗೆ ತಿರುಗಿ ಬಂದಳು.

ಮುಂದಿನ ಸಲ ಸಾಹೇಬರು ಬಂದಾಗ ಅವ್ವ ನೀರು ಕೊಟ್ಟು ಎದುರಿಗೆ ಕೂತಳು. “ಯಪ್ಪಾ, ಒಂದು ಮಾತು ಕೇಳ್ತೀನಿ. ನನ್ನ ಮಗಳು ಬ್ಯಾಸಗ್ಯಾಗ ಹಡೀತಾಳ. ಬ್ಯಾಸಗ್ಯಾಗ ನಮ್ಮ ನಳಕ್ಕ ಯಾವ ನೀರು ಬರ್ತಾವ, ಖರೇ ಹೇಳ್ರಿ. ಖರೇ ಹೇಳಿದ್ರ ನಾ ಆಕಿನ್ನ ಕರಿಯೂದಿಲ್ಲ, ಅಲ್ಲೇ ಹಡೀಲಿ.”

ಸಾಹೇಬರು ಚರಗಿಯ ನೀರು ಪೂರ್ತಿ ಕುಡಿದು ಕೆಳಗಿಟ್ಟರು. “ಕರಕೊಂಡ ಬರ್ರಿ” ಅಂದರು. ಅಷ್ಟೇ.

ಆ ಬೇಸಿಗೆ ಕಾಲುವೆ ಬಂದ್ ಆದ ಮರುದಿನ ಆಟೋದಲ್ಲಿ ಮೈಕು ಕಟ್ಟಿ ಊರೆಲ್ಲ ಸಾರಿಸಿದರು. ಇನ್ನು ಮೇಲೆ ಎಲ್ಲ ಓಣಿಗಳಿಗೂ ಒಂದೇ ಲೆಕ್ಕ. ವಾರಕ್ಕೊಮ್ಮೆ ಕೆರೆಯ ನೀರು, ಕುಡಿಯಲಿಕ್ಕೆ ಮತ್ತು ಅಡುಗೆಗೆ ತುಂಬಿಟ್ಟುಕೊಳ್ಳಬೇಕು. ಉಳಿದ ದಿನ ಬೋರಿನ ನೀರು, ಬಳಸಲಿಕ್ಕೆ. ಮೇಲಿನ ಓಣಿ, ಕೆಳಗಿನ ಓಣಿ ಅಂತ ಇಲ್ಲ. ಮೇಲಿನ ಓಣಿಯವರಿಗೆ ಮೊದಲು ನಂಬಿಕೆಯೇ ಬರಲಿಲ್ಲ. ಆಮೇಲೆ ಅವರ ಬಚ್ಚಲಲ್ಲೂ ಸಾಬೂನಿನ ನೊರೆ ನಿಂತುಹೋಯಿತು, ನೀರು ಕಾಸುವ ಗೀಜರುಗಳು ಹೆಕ್ಕಳಿಕೆ ಕಟ್ಟಿ ಕೆಟ್ಟವು. ಕಚೇರಿಯ ಮುಂದೆ ಕಾರುಗಳು ನಿಂತವು. ಅವತ್ತು ಅಲ್ಲಿದ್ದ ನೀರು ಬಿಡುವವನು ನಮ್ಮ ಓಣಿಗೆ ಬಂದು ನಡೆದದ್ದನ್ನೆಲ್ಲ ಹೇಳಿದ. ಸಾಹುಕಾರರು, “ನಾವೇನು ಆ ತಗ್ಗಿನ ಮಂದಿ ಕುಡಿಯೂ ನೀರಾಗ ಜಳಕಾ ಮಾಡ್ಬೇಕೇನ್ರಿ?” ಅಂದರಂತೆ. “ಹೌದ್ರಿ. ಅವರು ಇಷ್ಟು ವರ್ಷ ಕುಡದಾರ, ನೀವು ಜಳಕಾ ಅಷ್ಟ ಮಾಡ್ರಿ” ಅಂದರಂತೆ ಸಾಹೇಬರು. ಆ ಮಾತಿಗೆ ವರ್ಗಾವಣೆ ಖಾತ್ರಿಯಾಯಿತು. ಅವರಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಅಂದರು, ಅದಕ್ಕೇ ನನಗೆ ಅವರ ಮೇಲೆ ಇಷ್ಟು ಗೌರವ.

ಅವ್ವ ಮತ್ತೆ ಹುಣಸಗಿ ಬಸ್ಸು ಹತ್ತಿದಳು. ಈ ಸಲ ಬೀಗತಿಗೆ ಆಟೋದವನು ಸಾರಿದ್ದನ್ನು ಅಕ್ಷರ ಬಿಡದೆ ಹೇಳಿದಳು. ಬೀಗತಿ ನಂಬದೆ ತಾನೇ ಬಂದು, ನಮ್ಮ ಮನೆಯಲ್ಲಿ ಎರಡು ವಾರ ಇದ್ದು, ವಾರದ ನೀರು ಬರುವುದನ್ನು ಕಣ್ಣಾರೆ ನೋಡಿ, ತನ್ನ ಕೈಯಿಂದಲೇ ಬೇಳೆ ಬೇಯಿಸಿ, ಆಮೇಲೆ ಸೊಸೆಯನ್ನು ಕಳಿಸಿಕೊಟ್ಟಳು. ಹೆಣ್ಣು ಕೂಸು ಹುಟ್ಟಿತು. ಅವ್ವ ಮನೆಯ ಕೊಡಗಳೆಲ್ಲ ಸಾಲದೆ ಓಣಿಯಿಂದ ಗಡಿಗೆ ತಂದು ವಾರದ ನೀರು ತುಂಬಿಸಿದಳು, ಬಾಣಂತಿಗೂ ಹುಡುಗನಿಗೂ ಬೇರೆ ನೀರಿನ ಹನಿ ಮುಟ್ಟಿಸಲಿಲ್ಲ.

ಕೂಸಿಗೆ ಹೆಸರಿಡುವ ಮೊದಲೇ ವರ್ಗದ ಆರ್ಡರು ಬಂತು. ಸಾಹೇಬರು ನಮ್ಮ ಓಣಿಗೆ ಬಂದರು. ಅವತ್ತು ನೀರು ಕೇಳಲಿಲ್ಲ, ಕೂಡಲೂ ಇಲ್ಲ. ಅವ್ವ ಕೂಸನ್ನು ತರಲು ಒಳಗೆ ಹೊರಟರೆ ತಡೆದರು. “ಬ್ಯಾಡ, ಮಲಗಿರ್ಲಿ. ಯವ್ವಾ, ನಾ ಹ್ವಾದ ಮ್ಯಾಲ ಆ ವಾಲು ಮೊದಲಿನಂಗ ತಿರುಗಿಸ್ತಾರ. ನೀವು ಮಗಳನ್ನ ಲಗೂನ ಗಂಡನ ಮನಿಗಿ ಕಳಿಸಿಬಿಡ್ರಿ. ನಾ ಕರಕೊಂಡ ಬರ್ರಿ ಅಂದಿದ್ದೆ, ಅದಕ್ಕ ಹೇಳಾಕ ಬಂದೀನಿ.” ಅವರ ಕಣ್ಣಲ್ಲಿ ನೀರಿತ್ತು ಅಂತ ನಾನು ಹೇಳಿದರೆ ಅವ್ವ ಈಗಲೂ ಒಪ್ಪುವುದಿಲ್ಲ, ಬಿಸಿಲಿಗೆ ಹಾಗಿತ್ತು ಅನ್ನುತ್ತಾಳೆ. ಅವರು ಹೋದರು.

ಹೊಸ ಇಂಜಿನಿಯರ್ ಬಂದದ್ದೇ ಹಳೆಯ ಪದ್ಧತಿಗೆ ತಿರುಗಿಸುತ್ತಾರೆಂದು ಸುದ್ದಿಯಾಯಿತು. ಅವ್ವ ತನ್ನ ಜನ್ಮದಲ್ಲಿ ಕಚೇರಿಯ ಮೆಟ್ಟಿಲು ಹತ್ತಿದವಳಲ್ಲ. ಅವತ್ತು ಮೊಮ್ಮಗನ ಕೈ ಹಿಡಿದುಕೊಂಡು ಹೊರಟಳು. ಅವಳ ಹಿಂದೆ ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಮಕ್ಕಳನ್ನು ಕರೆದುಕೊಂಡು ಹೊರಟರು. ಕಾಲು ಬಾಗಿದ ಮಕ್ಕಳನ್ನು ಕಚೇರಿಯ ವರಾಂಡದಲ್ಲಿ ಸಾಲಾಗಿ ನಿಲ್ಲಿಸಿದರು. ಘೋಷಣೆ ಇಲ್ಲ, ಬೈಗುಳ ಇಲ್ಲ. ನನ್ನಂಥ ಬಾಯಿಯವಳಿಗೂ ಅವ್ವ ಸುಮ್ಮನಿರು ಅಂದಿದ್ದಳು. ಹೊಸಬರು ಚಿಕ್ಕ ವಯಸ್ಸಿನವರು. ಹೊರಗೆ ಬಂದು ಮಕ್ಕಳನ್ನು ನೋಡಿದರು. ನೀರು ಬಿಡುವವನನ್ನು ಕರೆದು, “ಮೊದಲಿನವರು ಹೆಂಗ ಮಾಡಿದ್ರೋ ಹಂಗ ಇರ್ಲಿ” ಅಂದರು. ಹಾಗೇ ಉಳಿಯಿತು. ಕೆಲವು ವರ್ಷಗಳಲ್ಲಿ ಕೆರೆಯನ್ನೂ ದೊಡ್ಡದು ಮಾಡಿದರು, ವಾರದ ಸರದಿಯೂ ಬೇಕಾಗಲಿಲ್ಲ. ಭಾವ ಇಲ್ಲೇ ಹತ್ತಿಗಿರಣಿಯಲ್ಲಿ ಕೆಲಸ ಹಿಡಿದರು, ಅಕ್ಕನ ಸಂಸಾರ ನಮ್ಮ ಓಣಿಯಲ್ಲೇ ನಿಂತಿತು. ಸಾಹೇಬರನ್ನು ಎಲ್ಲಿಯೋ ದೂರ ಹಾಕಿದ್ದರು. ಇಲ್ಲಿ ಹೀಗಾಯಿತೆಂದು ಅವರಿಗೆ ತಿಳಿದಿಲ್ಲ ಎಂಬುದೇ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಸಾಹೇಬರು ತೀರಿಕೊಂಡ ಸುದ್ದಿಯನ್ನು ನಾನು ಮನೆಗೆ ಬಂದು ಹೇಳಿದಾಗ ಅವ್ವ ಹಾಸಿಗೆಯಿಂದ ಎದ್ದು ಕೂತಳು. ಅವಳಿಗೆ ಈಗ ಪ್ರಯಾಣ ಆಗುವುದಿಲ್ಲ. ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಅಕ್ಕನ ಮಗ ಮರುದಿನ ಅಂಗಡಿ ಮುಚ್ಚಿದ. ನರ್ಸಿಂಗ್ ಓದುತ್ತಿರುವ ಅವನ ತಂಗಿಯೂ ಹೊರಟಳು. “ಯಾರ ಚಿಗವ್ವ ಅವರು, ನಾ ನೋಡೇ ಇಲ್ಲಲ್ಲ” ಎಂದು ಬಸ್ಸಿನಲ್ಲಿ ಕೇಳಿದಳು. ನಾನು ಹೇಳಬೇಕೆನ್ನುವಷ್ಟರಲ್ಲಿ ಅವಳ ಅಣ್ಣ, “ನಡಿ, ಅಲ್ಲಿ ಹ್ವಾದ ಮ್ಯಾಲ ಗೊತ್ತಾಗ್ತದ” ಅಂದ.

ಮಾಸ್ತರರು ಹೇಳಿದ ಓಣಿಯಲ್ಲಿ ಸಣ್ಣ ಮನೆ. ತೆಲುಗಿನಲ್ಲಿ ಮಾತಾಡುತ್ತಿದ್ದ ನೆಂಟರು ನಾಲ್ಕಾರು ಜನ. ಸಾಹೇಬರ ಹೆಂಡತಿ ಪಡಸಾಲೆಯಲ್ಲಿ ಕೂತಿದ್ದರು, ಹಿಂದಿನ ಗೋಡೆಗೆ ಸಾಹೇಬರ ಪಟ, ಹೂವಿನ ಹಾರ. ಯಾವ ಊರಿನವರೆಂದು ಹೇಳಿದೆವು. ಆ ಅಮ್ಮ ನನ್ನನ್ನು ಹತ್ತಿರ ಕರೆದು ಕೂಡಿಸಿಕೊಂಡರು.

“ನಿಮ್ಮೂರಿನ ಮಾತು ಅವ್ರು ಮರೀಲಿಲ್ಲ” ಅಂದರು. “ಎಷ್ಟೋ ಕಡೆ ನೌಕರಿ ಮಾಡ್ಯಾರ, ಬ್ಯಾರೆ ಊರಿಂದು ಏನೂ ಅಂತಿದ್ದಿಲ್ಲ. ಅದೊಂದೇ. ‘ಅಲ್ಲಿ ಒಬ್ಬಾಕಿಗಿ ಮಗಳನ್ನ ಕರಕೊಂಡ ಬರ್ರಿ ಅಂತ ಹೇಳಿದ್ದೆ. ನನ್ನ ಮಾತು ನಂಬಿ ಕರಕೊಂಡ ಬಂದ್ಳು. ನಾ ಬಿಟ್ಟು ಬಂದೆ. ಆ ಕೂಸಿಂದು ಏನಾತೋ’ ಅಂತಿದ್ರು. ಕಡೀತನಕ ಅಂದ್ರು.”

ಹೇಳುತ್ತ ಹೇಳುತ್ತ ಅವರ ಕಣ್ಣು ಬಾಗಿಲ ಬಳಿ ನಿಂತಿದ್ದ ಅಕ್ಕನ ಮಗನ ಕಾಲುಗಳ ಮೇಲೆ ಬಿತ್ತು. ಅಲ್ಲೇ ನಿಂತಿತು. ಸೆರಗು ಬಾಯಿಗೆ ಹೋಯಿತು.

“ಇವನೇನ, ಆ ಕೂಸು?”

“ಅಲ್ರಿ ಅಮ್ಮಾ, ನಾ ಅಲ್ಲ” ಅಂದ ಅವನು. ಹಿಂದೆ ನಿಂತಿದ್ದ ತಂಗಿಯ ಭುಜ ಹಿಡಿದು ಮುಂದಕ್ಕೆ ತಂದು ನಿಲ್ಲಿಸಿದ. “ಆ ಕೂಸು ಇಕಿ. ಅಲ್ಲೇ ಹುಟ್ಟ್ಯಾಳ, ಅದೇ ನಳದ ನೀರು ಕುಡದು ಬೆಳದಾಳ. ನನ್ನ ನೋಡಬ್ಯಾಡ್ರಿ, ಇಕಿನ್ನ ನೋಡ್ರಿ.”

ಅಮ್ಮ ಹುಡುಗಿಯನ್ನು ಪಾದದಿಂದ ಮೇಲಕ್ಕೆ ನೋಡಿದರು. “ಅಲ್ಲಿತನಕ ಹೋಗಿ ಬಾ ಯವ್ವಾ” ಎಂದು ಕೈಯಿಂದ ಪಡಸಾಲೆಯ ಆ ತುದಿಯನ್ನು ತೋರಿಸಿದರು. ಹುಡುಗಿ ಏನೂ ತಿಳಿಯದೆ ನನ್ನ ಮುಖ ನೋಡಿದಳು, ನಾನು ಹೋಗು ಅಂದೆ. ನೆಂಟರು ದಾರಿ ಬಿಟ್ಟರು. ಅವಳು ಗೋಡೆಯ ತನಕ ನಡೆದುಹೋಗಿ ತಿರುಗಿ ನಡೆದು ಬಂದಳು. ಅಮ್ಮ ಪಟದ ಕಡೆ ತಿರುಗಿದರು.

“ನೋಡಿದ್ರೇನ್ರಿ” ಅಂದರು.